ಜ್ಞಾನ ರಚನಾವಾದ

ಜ್ಞಾನ ರಚನಾವಾದವು ಕಲಿಕೆಯನ್ನು ಕುರಿತ ಒಂದು ಸಿದ್ಧಾಂತ. ಜ್ಞಾನವು ಶಿಕ್ಷಕರಿಂದ ಅಥವಾ ಪುಸ್ತಕದಿಂದ ಕಲಿಯುವವರಿಗೆ ಇದ್ದ ಹಾಗೆಯೇ ವರ್ಗಾವಣೆಯಾಗುವುದಿಲ್ಲ. ಕಲಿಯುವವರು ತಮ್ಮ ಪೂರ್ವಜ್ಞಾನ ಮತ್ತು ಅನುಭವಗಳ ಆಧಾರದ ಮೇಲೆ ಅದನ್ನು ತಾವೇ ಕಟ್ಟಿಕೊಳ್ಳುತ್ತಾರೆ ಎಂಬುದು ಇದರ ತಿರುಳು. ಶಿಕ್ಷಣಶಾಸ್ತ್ರದಲ್ಲಿ ಇದನ್ನು ರಚನಾವಾದ ಎಂದೂ ಕರೆಯಲಾಗುತ್ತದೆ. ಭಾಷಾವಿಜ್ಞಾನ ಮತ್ತು ಸಾಹಿತ್ಯ ವಿಮರ್ಶೆಯಲ್ಲಿ ಸಂರಚನಾವಾದ ಎಂದು ಹೆಸರಾದ ಚಿಂತನೆ ಇದಕ್ಕಿಂತ ಬೇರೆಯಾದುದು.

ರಚನಾವಾದವು ಮೂಲತಃ ಕಲಿಕೆ ಹೇಗೆ ನಡೆಯುತ್ತದೆ ಎಂಬುದರ ವಿವರಣೆಯೇ ಹೊರತು ಒಂದು ನಿರ್ದಿಷ್ಟ ಬೋಧನಾ ವಿಧಾನವಲ್ಲ. ಆದರೂ ಇದನ್ನು ಆಧರಿಸಿ ಹಲವು ಬೋಧನಾ ಮಾದರಿಗಳು ರೂಪುಗೊಂಡಿವೆ. ಭಾರತದಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ದೃಷ್ಟಿಕೋನವನ್ನು ಶಾಲಾ ಶಿಕ್ಷಣದ ತಳಹದಿಗಳಲ್ಲಿ ಒಂದಾಗಿ ಅಂಗೀಕರಿಸಿತು.

ಮೂಲ ಕಲ್ಪನೆ

ಮಗು ಶಾಲೆಗೆ ಬರುವಾಗಲೇ ಜಗತ್ತಿನ ಬಗ್ಗೆ ತನ್ನದೇ ಆದ ತಿಳಿವಳಿಕೆಯನ್ನು ಹೊಂದಿರುತ್ತದೆ. ಹೊಸ ವಿಷಯವನ್ನು ಅದು ಈ ತಿಳಿವಳಿಕೆಯ ಮೂಲಕವೇ ಅರ್ಥಮಾಡಿಕೊಳ್ಳುತ್ತದೆ. ಹೀಗಾಗಿ ಶಿಕ್ಷಕರು ಹೇಳಿದ್ದೂ ಮಗು ಗ್ರಹಿಸಿದ್ದೂ ಒಂದೇ ಆಗಿರಬೇಕೆಂದಿಲ್ಲ.

ಇದಕ್ಕೆ ಪ್ರಸಿದ್ಧ ಉದಾಹರಣೆಯೆಂದರೆ ಸ್ಟೆಲ್ಲಾ ವೊಸ್ನಿಯಾಡು ಮತ್ತು ವಿಲಿಯಂ ಬ್ರೂವರ್ ಅವರು 1992ರಲ್ಲಿ ಪ್ರಕಟಿಸಿದ ಅಧ್ಯಯನ. ಭೂಮಿ ಗುಂಡಗಿದೆ ಎಂದು ಕಲಿತಿದ್ದ ಅಮೆರಿಕದ ಪ್ರಾಥಮಿಕ ಶಾಲಾ ಮಕ್ಕಳಲ್ಲಿ ಕೆಲವರು ಅದನ್ನು ತಟ್ಟೆಯಂತೆ ಗುಂಡಗೆ ಕಲ್ಪಿಸಿಕೊಂಡಿದ್ದರು. ಇನ್ನು ಕೆಲವರು ಭೂಮಿಯನ್ನು ಟೊಳ್ಳಾದ ಗೋಳವೆಂದು ಭಾವಿಸಿ, ಜನರು ಅದರೊಳಗಿನ ಸಮತಟ್ಟಾದ ನೆಲದ ಮೇಲೆ ವಾಸಿಸುತ್ತಾರೆ ಎಂದುಕೊಂಡಿದ್ದರು. ನೆಲವು ಚಪ್ಪಟೆಯಾಗಿದೆ ಎಂಬ ಸ್ವಂತ ಅನುಭವ ಮತ್ತು ಹಿರಿಯರು ಹೇಳಿದ ಮಾತು ಎರಡನ್ನೂ ಹೊಂದಿಸಲು ಮಕ್ಕಳು ಮಾಡಿದ ಪ್ರಯತ್ನ ಇದು.

ಗಣಿತದಲ್ಲಿಯೂ ಇಂತಹ ಉದಾಹರಣೆಗಳಿವೆ. 52ರಿಂದ 27ನ್ನು ಕಳೆದು 35 ಎಂದು ಬರೆಯುವ ಮಗು ಅಜಾಗರೂಕತೆಯಿಂದಲೇ ತಪ್ಪು ಮಾಡಿದೆ ಎನ್ನಲಾಗದು. ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯಬೇಕು ಎಂಬ ನಿಯಮವನ್ನು ಅದು ತಾನೇ ರೂಪಿಸಿಕೊಂಡಿರಬಹುದು. ಇಂತಹ ಮಗುವಿಗೆ ಸರಿಯುತ್ತರ 25 ಎಂದು ತಿಳಿಸಿದರಷ್ಟೇ ಸಾಲದು. ಅದು ಅನುಸರಿಸಿದ ನಿಯಮವನ್ನು ಶಿಕ್ಷಕರು ಮೊದಲು ಗುರುತಿಸಬೇಕಾಗುತ್ತದೆ.

ಬೆಳವಣಿಗೆ

ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ (1859–1952) ಅನುಭವ ಮತ್ತು ಅದರ ಕುರಿತಾದ ಚಿಂತನೆಯೇ ಶಿಕ್ಷಣದ ಅಡಿಪಾಯವೆಂದು ಪ್ರತಿಪಾದಿಸಿದರು. 1896ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಅವರು ಆರಂಭಿಸಿದ ಪ್ರಯೋಗ ಶಾಲೆಯಲ್ಲಿ ಅಡುಗೆ, ಮರಗೆಲಸ, ನೇಯ್ಗೆಗಳು ಕಲಿಕೆಯ ಭಾಗವಾಗಿದ್ದವು.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಮಕ್ಕಳ ಆಲೋಚನೆಯನ್ನು ದೀರ್ಘಕಾಲ ಅಧ್ಯಯನ ಮಾಡಿ ರಚನಾವಾದಕ್ಕೆ ಮನೋವೈಜ್ಞಾನಿಕ ನೆಲೆಯನ್ನು ಒದಗಿಸಿದರು. ಅವರ ಪ್ರಕಾರ, ಹೊಸ ಅನುಭವವನ್ನು ಈಗಾಗಲೇ ಇರುವ ಮಾನಸಿಕ ಚೌಕಟ್ಟಿಗೆ ಸೇರಿಸಿಕೊಳ್ಳುವುದು ಸಾತ್ಮೀಕರಣ. ಹಾಗೆ ಸೇರಿಸಿಕೊಳ್ಳಲಾಗದಿದ್ದಾಗ ಚೌಕಟ್ಟನ್ನೇ ಬದಲಿಸಿಕೊಳ್ಳುವುದು ಹೊಂದಾಣಿಕೆ. ಇವೆರಡರ ನಡುವಿನ ಸಮತೋಲನದ ಹುಡುಕಾಟವೇ ಬೌದ್ಧಿಕ ಬೆಳವಣಿಗೆಯನ್ನು ಮುನ್ನಡೆಸುತ್ತದೆ.

ರಷ್ಯಾದ ಲೆವ್ ವೈಗಾಟ್‌ಸ್ಕಿ (1896–1934) ಭಾಷೆ ಮತ್ತು ಸಾಮಾಜಿಕ ಒಡನಾಟದ ಪಾತ್ರಕ್ಕೆ ಒತ್ತು ನೀಡಿದರು. ಮಗು ಸ್ವತಂತ್ರವಾಗಿ ಮಾಡಬಲ್ಲ ಕೆಲಸಕ್ಕೂ ಹೆಚ್ಚು ತಿಳಿದವರ ನೆರವಿನಿಂದ ಮಾಡಬಲ್ಲ ಕೆಲಸಕ್ಕೂ ನಡುವಿನ ಅಂತರವನ್ನು ಅವರು ಸಮೀಪಸ್ಥ ವಿಕಾಸ ವಲಯ ಎಂದು ಕರೆದರು. 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಅವರು ಮಗುವಿಗೆ ಹಿರಿಯರು ನೀಡುವ ಇಂತಹ ನೆರವನ್ನು ಸ್ಕ್ಯಾಫೋಲ್ಡಿಂಗ್ ಎಂದು ಹೆಸರಿಸಿದರು. ಕಟ್ಟಡ ಕಟ್ಟುವಾಗ ಸಾರುವೆಯನ್ನು ನಿಲ್ಲಿಸಿ, ಗೋಡೆ ಮೇಲೆದ್ದ ಬಳಿಕ ತೆಗೆಯುವಂತೆ, ಮಗು ಸಮರ್ಥವಾದಂತೆಲ್ಲ ಈ ನೆರವನ್ನು ಹಿಂತೆಗೆದುಕೊಳ್ಳಲಾಗುತ್ತದೆ.

ಪಿಯಾಜೆಯವರ ಹಾದಿಯಲ್ಲಿ ವ್ಯಕ್ತಿಯ ಮನಸ್ಸಿಗೆ ಒತ್ತು ನೀಡುವ ಧಾರೆಯನ್ನು ಸಂಜ್ಞಾನಾತ್ಮಕ ರಚನಾವಾದವೆಂದೂ, ವೈಗಾಟ್‌ಸ್ಕಿಯವರನ್ನು ಅನುಸರಿಸುವ ಧಾರೆಯನ್ನು ಸಾಮಾಜಿಕ ರಚನಾವಾದವೆಂದೂ ವಿಂಗಡಿಸಲಾಗುತ್ತದೆ. ಅರ್ನ್‌ಸ್ಟ್ ಫಾನ್ ಗ್ಲಾಸರ್ಸ್‌ಫೆಲ್ಡ್ ಅವರ ಆಮೂಲಾಗ್ರ ರಚನಾವಾದವು ಮೂರನೆಯ ಧಾರೆಯಾಗಿದೆ.

ತರಗತಿಯಲ್ಲಿ ಅಳವಡಿಕೆ

ರಚನಾವಾದಿ ತರಗತಿಗೆ ಹೆಚ್ಚು ಬಳಕೆಯಲ್ಲಿರುವ ಪಾಠಯೋಜನೆಗಳಲ್ಲಿ ಐದು 'ಇ' ಮಾದರಿಯೂ ಒಂದು. ರಾಜರ್ ಬೈಬೀ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಅಮೆರಿಕದ ವಿಜ್ಞಾನ ಪಠ್ಯಕ್ರಮಕ್ಕಾಗಿ ಇದನ್ನು ರೂಪಿಸಿದರು. ಇದರ ಹಂತಗಳ ಹೆಸರುಗಳು ಇಂಗ್ಲಿಷಿನಲ್ಲಿ 'ಇ' ಅಕ್ಷರದಿಂದ ಆರಂಭವಾಗುತ್ತವೆ. ಅವು ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ ಮತ್ತು ಮೌಲ್ಯಮಾಪನ.

ತೇಲುವ ಮತ್ತು ಮುಳುಗುವ ವಸ್ತುಗಳ ಪಾಠವನ್ನು ಉದಾಹರಣೆಯಾಗಿ ನೋಡಬಹುದು. ಭಾರವಾದವು ಮುಳುಗುತ್ತವೆ, ಹಗುರವಾದವು ತೇಲುತ್ತವೆ ಎಂಬುದು ಮಕ್ಕಳಲ್ಲಿ ಸಾಮಾನ್ಯವಾಗಿ ಕಂಡುಬರುವ ಕಲ್ಪನೆ. ಶಿಕ್ಷಕರು ಸ್ಟೀಲ್ ಚಮಚ ಮತ್ತು ಅದಕ್ಕಿಂತ ಭಾರವಾದ ಸ್ಟೀಲ್ ಬಟ್ಟಲನ್ನು ತೋರಿಸಿ, ನೀರಿಗೆ ಹಾಕಿದರೆ ಏನಾಗಬಹುದೆಂದು ಊಹಿಸಿ ಬರೆಯಲು ಹೇಳುತ್ತಾರೆ. ಮಕ್ಕಳು ಗುಂಪುಗಳಲ್ಲಿ ಪರೀಕ್ಷಿಸಿದಾಗ ಚಮಚ ಮುಳುಗುತ್ತದೆ, ನೇರವಾಗಿ ಇರಿಸಿದ ಖಾಲಿ ಬಟ್ಟಲು ತೇಲುತ್ತದೆ. ಊಹೆ ಮತ್ತು ಫಲಿತಾಂಶದ ನಡುವಿನ ಈ ವಿರೋಧವು ಹಳೆಯ ಕಲ್ಪನೆಯನ್ನು ಮರುಪರಿಶೀಲಿಸುವಂತೆ ಮಾಡುತ್ತದೆ.

ಆದರೆ ಚಟುವಟಿಕೆ ಇಲ್ಲಿಗೆ ನಿಂತರೆ, ಬಟ್ಟಲುಗಳು ತೇಲುತ್ತವೆ ಎಂಬಷ್ಟನ್ನೇ ಮಕ್ಕಳು ಕಲಿಯುವ ಸಾಧ್ಯತೆಯಿದೆ. ವಸ್ತುವು ಎಷ್ಟು ನೀರನ್ನು ಪಲ್ಲಟಗೊಳಿಸುತ್ತದೆ ಎಂಬ ಪ್ರಶ್ನೆಯತ್ತ ಅವರ ಗಮನವನ್ನು ಸೆಳೆಯುವುದು, ತೇಲುವಿಕೆಯ ವೈಜ್ಞಾನಿಕ ವಿವರಣೆಯನ್ನು ಸ್ಪಷ್ಟವಾಗಿ ಮಂಡಿಸುವುದು ಶಿಕ್ಷಕರ ಹೊಣೆ. ಬಳಿಕ ಕಬ್ಬಿಣದ ಹಡಗು ಹೇಗೆ ತೇಲುತ್ತದೆ ಎಂಬ ಹೊಸ ಸಂದರ್ಭಕ್ಕೆ ಮಕ್ಕಳು ಅದನ್ನು ಅನ್ವಯಿಸುತ್ತಾರೆ.

ಶಿಕ್ಷಕರ ಪಾತ್ರ ಮತ್ತು ಮೌಲ್ಯಮಾಪನ

ರಚನಾವಾದದಲ್ಲಿ ಶಿಕ್ಷಕರನ್ನು ಅನುಕೂಲಕಾರರು ಎಂದು ವರ್ಣಿಸಲಾಗುತ್ತದೆ. ಇದರಿಂದ ಅವರ ಕೆಲಸ ಕಡಿಮೆಯಾಗುವುದಿಲ್ಲ. ಮಕ್ಕಳ ಪೂರ್ವಕಲ್ಪನೆಗಳನ್ನು ಹೊರತರುವ ಪ್ರಶ್ನೆಗಳನ್ನು ರೂಪಿಸುವುದು, ಅನಿರೀಕ್ಷಿತ ಉತ್ತರದ ಹಿಂದಿನ ತರ್ಕವನ್ನು ಗ್ರಹಿಸುವುದು, ನೆರವನ್ನು ಯಾವಾಗ ಕೊಡಬೇಕು ಮತ್ತು ಯಾವಾಗ ನಿಲ್ಲಿಸಬೇಕೆಂದು ನಿರ್ಧರಿಸುವುದು ವಿಷಯದ ಮೇಲೆ ಆಳವಾದ ಹಿಡಿತವನ್ನು ಬಯಸುತ್ತವೆ.

ಮೌಲ್ಯಮಾಪನವು ಕಲಿಕೆಯ ಜೊತೆಯಲ್ಲಿಯೇ ನಡೆಯಬೇಕೆಂಬುದು ಈ ದೃಷ್ಟಿಕೋನದ ನಿಲುವು. ಕೃತಿಸಂಪುಟ, ಅವಲೋಕನ, ಯೋಜನಾಕಾರ್ಯ, ಸ್ವಮೌಲ್ಯಮಾಪನ ಮುಂತಾದ ಸಾಧನಗಳು ಇದಕ್ಕೆ ಬಳಕೆಯಾಗುತ್ತವೆ.

ಭಾರತದಲ್ಲಿ

ಮಧ್ಯಪ್ರದೇಶದಲ್ಲಿ 1972ರಿಂದ 2002ರವರೆಗೆ ನಡೆದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮವು ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಾಧಾರಿತ ಕಲಿಕೆಯನ್ನು ಅಳವಡಿಸಿದ ಗಮನಾರ್ಹ ಪ್ರಯತ್ನ. ಯಶಪಾಲ್ ಸಮಿತಿಯು 1993ರಲ್ಲಿ ಸಲ್ಲಿಸಿದ 'ಹೊರೆಯಿಲ್ಲದ ಕಲಿಕೆ' ಎಂಬ ವರದಿಯು, ಅರ್ಥವಾಗದ ಮಾಹಿತಿಯ ಭಾರವೇ ಮಕ್ಕಳ ನಿಜವಾದ ಹೊರೆಯೆಂದು ಅಭಿಪ್ರಾಯಪಟ್ಟಿತು. ಯಶಪಾಲ್ ಅವರ ಅಧ್ಯಕ್ಷತೆಯಲ್ಲಿಯೇ ಸಿದ್ಧವಾದ 2005ರ ಚೌಕಟ್ಟು, ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಜೋಡಿಸುವುದು ಮತ್ತು ಕಲಿಕೆಯನ್ನು ಕಂಠಪಾಠದಿಂದ ಬಿಡಿಸುವುದನ್ನು ತನ್ನ ಮಾರ್ಗದರ್ಶಿ ತತ್ತ್ವಗಳಲ್ಲಿ ಸೇರಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಚಟುವಟಿಕೆ, ಅನ್ವೇಷಣೆಗಳ ಮೂಲಕ ಕಲಿಕೆಯನ್ನೂ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನೂ ಉಲ್ಲೇಖಿಸುತ್ತದೆ.

ಕರ್ನಾಟಕದಲ್ಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಪದ್ಧತಿ ಆರಂಭವಾಯಿತು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯಿಂದ ಪ್ರೇರಿತವಾದ ಇದಕ್ಕೆ ಯುನಿಸೆಫ್ ಬೆಂಬಲವಿತ್ತು. ಕಲಿಕಾ ಏಣಿ, ಮೈಲಿಗಲ್ಲು ಮತ್ತು ಕಾರ್ಡುಗಳ ನೆರವಿನಿಂದ ಪ್ರತಿ ಮಗು ತನ್ನ ವೇಗದಲ್ಲಿ ಮುಂದುವರಿಯುತ್ತದೆ. ಮಕ್ಕಳು ಶಿಕ್ಷಕರ ಪೂರ್ಣ ನೆರವು, ಶಿಕ್ಷಕರ ಭಾಗಶಃ ನೆರವು, ಸಹಪಾಠಿಗಳ ಪೂರ್ಣ ನೆರವು, ಸಹಪಾಠಿಗಳ ಭಾಗಶಃ ನೆರವು ಮತ್ತು ಸ್ವಕಲಿಕೆ ಎಂಬ ಗುಂಪುಗಳಲ್ಲಿ ಕುಳಿತು ಕಲಿಯುತ್ತಾರೆ. ನೆರವನ್ನು ಕ್ರಮೇಣ ಹಿಂತೆಗೆಯುವ ತತ್ತ್ವ ಈ ವ್ಯವಸ್ಥೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ವಿಮರ್ಶೆ

ಪಾಲ್ ಕಿರ್ಷ್‌ನರ್, ಜಾನ್ ಸ್ವೆಲ್ಲರ್ ಮತ್ತು ರಿಚರ್ಡ್ ಕ್ಲಾರ್ಕ್ ಅವರು 2006ರ ಲೇಖನದಲ್ಲಿ, ಕನಿಷ್ಠ ಮಾರ್ಗದರ್ಶನದ ಬೋಧನೆಯು ಹೊಸದಾಗಿ ಕಲಿಯುವವರ ಸೀಮಿತ ಕಾರ್ಯಸ್ಮೃತಿಯ ಮೇಲೆ ಹೊರೆ ಹೇರುತ್ತದೆ ಮತ್ತು ನೇರ ಬೋಧನೆಗಿಂತ ಕಡಿಮೆ ಪರಿಣಾಮಕಾರಿಯೆಂದು ವಾದಿಸಿದರು. ಸಿಂಡಿ ಮೆಲೊ-ಸಿಲ್ವರ್ ಮತ್ತು ಇತರರು ಮರುವರ್ಷ ಇದಕ್ಕೆ ಉತ್ತರಿಸಿ, ಸಮಸ್ಯಾಧಾರಿತ ಮತ್ತು ವಿಚಾರಣಾಧಾರಿತ ಕಲಿಕೆಯಲ್ಲಿ ಮಾರ್ಗದರ್ಶನ ಸಾಕಷ್ಟು ಇರುತ್ತದೆಂದು ಪ್ರತಿಪಾದಿಸಿದರು. ರಿಚರ್ಡ್ ಮೇಯರ್ ಅವರು 2004ರಲ್ಲಿಯೇ, ಕೈಯ ಚಟುವಟಿಕೆಯನ್ನು ಮನಸ್ಸಿನ ಚಟುವಟಿಕೆಯೆಂದು ಭಾವಿಸುವುದು ತಪ್ಪೆಂದು ಎಚ್ಚರಿಸಿದ್ದರು. ಉಪನ್ಯಾಸವನ್ನು ಗಮನವಿಟ್ಟು ಕೇಳುವ ವಿದ್ಯಾರ್ಥಿಯೂ ಜ್ಞಾನವನ್ನು ಕಟ್ಟಿಕೊಳ್ಳುತ್ತಿರಬಹುದು. ಪ್ರಯೋಗದಲ್ಲಿ ತೊಡಗಿದವನು ಏನನ್ನೂ ಕಲಿಯದಿರಬಹುದು.

ಆಚರಣೆಯಲ್ಲಿಯೂ ತೊಡಕುಗಳಿವೆ. ತರಗತಿಯಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿದ್ದಾಗ, ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನಿರ್ವಹಿಸುವಾಗ ಪ್ರತಿ ಮಗುವಿನ ಆಲೋಚನೆಯನ್ನು ಅರಿಯುವುದು ಕಷ್ಟ. ನೆನಪಿನ ಶಕ್ತಿಯನ್ನೇ ಅಳೆಯುವ ಪರೀಕ್ಷೆಗಳು ಮುಂದುವರಿದಲ್ಲಿ ಬೋಧನೆಯೂ ಅವುಗಳತ್ತಲೇ ವಾಲುತ್ತದೆ. ದಾಖಲೆಗಳ ನಿರ್ವಹಣೆಯೇ ಪ್ರಧಾನವಾದಾಗ ನಿರಂತರ ಮೌಲ್ಯಮಾಪನವು ತನ್ನ ಉದ್ದೇಶವನ್ನು ಕಳೆದುಕೊಳ್ಳುತ್ತದೆ. ಮನೆಯಲ್ಲಿ ಓದಿನ ನೆರವು ದೊರೆಯದ ಮಕ್ಕಳು ಶಾಲೆಯ ಮಾರ್ಗದರ್ಶನವನ್ನೇ ಹೆಚ್ಚಾಗಿ ಅವಲಂಬಿಸಿರುವುದರಿಂದ, ಅದು ಕಡಿಮೆಯಾದರೆ ಹೆಚ್ಚಿನ ನಷ್ಟ ಅವರಿಗೇ ಆಗುತ್ತದೆ. ಹೀಗಾಗಿ ಎಷ್ಟು ಮಾರ್ಗದರ್ಶನ, ಯಾವ ಹಂತದಲ್ಲಿ ಎಂಬುದು ಈ ಕ್ಷೇತ್ರದ ಚರ್ಚೆಯ ಮುಖ್ಯ ಪ್ರಶ್ನೆಯಾಗಿ ಉಳಿದಿದೆ.