ಅಚ್ಚುಕೂಟದಿಂದ ತರಗತಿಗೆ: ಪತ್ರಿಕೋದ್ಯಮ ಶಿಕ್ಷಣ ನಡೆದು ಬಂದ ದಾರಿ

ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು 1843ರ ಜುಲೈ 1ರಂದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಒಂದು ವಿಷಯವಾಗಿ ಆರಂಭವಾದದ್ದು 1951ರಲ್ಲಿ. ನಡುವಿನ 108 ವರ್ಷ ಕನ್ನಡದ ಪತ್ರಿಕೆಗಳು ಯಾವ ಕಾಲೇಜಿನ ನೆರವೂ ಇಲ್ಲದೆ ಹುಟ್ಟಿದವು, ಬೆಳೆದವು, ನಿಂತುಹೋದವು, ಮತ್ತೆ ಹುಟ್ಟಿದವು. ಇಂದು ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನಲ್ಲೂ ಈ ವಿಷಯ ಸಿಗುತ್ತದೆ. ಪ್ರವೇಶದ ದಿನಗಳಲ್ಲಿ ತಂದೆತಾಯಿ ಕೇಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ: ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ?

ಆ ಪ್ರಶ್ನೆಗೆ ಹೌದು ಎಂದೋ ಇಲ್ಲ ಎಂದೋ ಒಂದೇ ಮಾತಿನಲ್ಲಿ ಉತ್ತರಿಸುವ ಮೊದಲು ಈ ಓದು ಬೆಳೆದ ಬಗೆಯನ್ನು ನೋಡಬೇಕು. ಮಾಧ್ಯಮದ ಯಂತ್ರ ಬದಲಾದಾಗಲೆಲ್ಲ ಪಠ್ಯಕ್ರಮ ಅದರ ಹಿಂದೆ ಓಡಿದೆ. ಆ ಭರದಲ್ಲಿ ವಿದ್ಯಾರ್ಥಿಯಿಂದ ಬರೆಸುವ, ಬರೆದದ್ದನ್ನು ತಿದ್ದುವ ಮೂಲ ಕೆಲಸ ಮತ್ತೆ ಮತ್ತೆ ಹಿಂದೆ ಬಿದ್ದಿದೆ. ಆದರೆ ಈ ವೃತ್ತಿಯಲ್ಲಿ ನೆಲೆ ನಿಂತವರನ್ನು ಬೆಳೆಸಿದ್ದು ಆ ಕೆಲಸವೇ.

ಅಚ್ಚುಕೂಟದಲ್ಲೇ ಪಾಠ

ಸ್ವಾತಂತ್ರ್ಯಪೂರ್ವದ ಪತ್ರಕರ್ತರು ವಕೀಲರು, ಶಾಲಾ ಮಾಸ್ತರರು, ಕವಿಗಳು, ಚಳವಳಿಗಾರರು. ತಿ.ತಾ. ಶರ್ಮರ ‘ವಿಶ್ವ ಕರ್ನಾಟಕ’, ಪಿ.ಆರ್. ರಾಮಯ್ಯನವರ ‘ತಾಯಿನಾಡು’, ಮೊಹರೆ ಹಣಮಂತರಾಯರು ಕಟ್ಟಿ ಬೆಳೆಸಿದ ‘ಸಂಯುಕ್ತ ಕರ್ನಾಟಕ’ ಇವೇ ಅಂದಿನ ಪಾಠಶಾಲೆಗಳು. ಹೊಸಬ ಮೊದಲು ಕರಡು ತಿದ್ದಬೇಕು, ಮೊಳೆ ಜೋಡಿಸುವವರ ಪಕ್ಕ ನಿಂತು ಸಾಲಿನ ಅಳತೆ ಅರಿಯಬೇಕು, ಇಂಗ್ಲಿಷ್ ತಂತಿ ಸುದ್ದಿಯನ್ನು ರಾತ್ರೋರಾತ್ರಿ ಕನ್ನಡಕ್ಕೆ ತರಬೇಕು. ತಪ್ಪಿದರೆ ಹಿರಿಯ ಉಪಸಂಪಾದಕರ ಕೆಂಪು ಶಾಯಿ ಕಾದಿರುತ್ತಿತ್ತು.

ಈ ವೃತ್ತಿಗೆ ತನ್ನದೇ ಶಾಸ್ತ್ರವೂ ಧರ್ಮವೂ ಇವೆ ಎಂದು ಕನ್ನಡದಲ್ಲಿ ಮೊದಲು ಗಂಭೀರವಾಗಿ ಬರೆದವರಲ್ಲಿ ಡಿ.ವಿ. ಗುಂಡಪ್ಪನವರು ಪ್ರಮುಖರು. 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದ ಅವರು ಆ ಅನುಭವದ ಬೆಂಬಲದಿಂದ ‘ವೃತ್ತಪತ್ರಿಕೆ’ ಎಂಬ ಪುಸ್ತಕ ಬರೆದರು. ತರಗತಿ ಬರುವ ಮೊದಲೇ ಕನ್ನಡಕ್ಕೆ ಪಠ್ಯ ಬಂದಿತ್ತು.

ತರಗತಿ ಬಂತು

ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯ 1908ರಲ್ಲಿ ಪತ್ರಿಕೋದ್ಯಮ ಶಾಲೆ ತೆರೆಯಿತು. ಶಾಲೆ ಆರಂಭವಾದ ದಿನವೇ ವಿದ್ಯಾರ್ಥಿಗಳು ಕೆಲಸ ಮಾಡುವ ಪತ್ರಿಕೆಯನ್ನೂ ಹೊರತಂದಿತು. ಜೋಸೆಫ್ ಪುಲಿಟ್ಜರ್ ಬಿಟ್ಟುಹೋದ ದತ್ತಿಯಿಂದ 1912ರಲ್ಲಿ ಕೊಲಂಬಿಯಾದ ಶಾಲೆ ಶುರುವಾಯಿತು.

ಭಾರತದಲ್ಲಿ ಮೊದಲ ಯತ್ನ ಆ್ಯನಿ ಬೆಸೆಂಟ್ ಅವರದು, 1920ರಲ್ಲಿ ಅಡ್ಯಾರ್‌ನಲ್ಲಿ. ಅದು ಬಹುಕಾಲ ಬಾಳಲಿಲ್ಲ. 1938ರಲ್ಲಿ ಅಲಿಗಢದಲ್ಲಿ ಒಂದು ಡಿಪ್ಲೊಮಾ ನಡೆಯಿತು. ಗಟ್ಟಿಯಾಗಿ ಬೇರೂರಿದ್ದು 1941ರಲ್ಲಿ ಪಿ.ಪಿ. ಸಿಂಗ್ ಅವರು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ವಿಭಾಗ. ದೇಶ ವಿಭಜನೆಯಾದಾಗ ಆ ವಿಭಾಗವೂ ನಿರಾಶ್ರಿತವಾಗಿ ದೆಹಲಿಗೆ ಬಂತು, ಕೊನೆಗೆ ಚಂಡೀಗಢದಲ್ಲಿ ನೆಲೆಯಾಯಿತು. 1947ರಲ್ಲಿ ಮದ್ರಾಸ್, ಬಳಿಕ ಕಲ್ಕತ್ತಾ, 1951ರಲ್ಲಿ ಮೈಸೂರು, 1952ರಲ್ಲಿ ನಾಗಪುರದ ಹಿಸ್ಲಾಪ್ ಕಾಲೇಜು, 1954ರಲ್ಲಿ ಉಸ್ಮಾನಿಯಾ ಇದೇ ದಾರಿ ಹಿಡಿದವು.

ಮೈಸೂರಿನ ವಿಭಾಗವನ್ನು ಕಟ್ಟಿದವರು ಅಮೆರಿಕದಲ್ಲಿ ಪತ್ರಿಕೋದ್ಯಮ ಓದಿ ಬಂದಿದ್ದ ನಾಡಿಗ ಕೃಷ್ಣಮೂರ್ತಿ. ಭಾರತದ ಪತ್ರಿಕೋದ್ಯಮದ ಚರಿತ್ರೆ ಕುರಿತು ಅವರು ಬರೆದ ಇಂಗ್ಲಿಷ್ ಗ್ರಂಥವನ್ನು ಮೈಸೂರು ವಿಶ್ವವಿದ್ಯಾಲಯ 1966ರಲ್ಲಿ ಪ್ರಕಟಿಸಿತು. ಬೇರೆಡೆ ಪದವಿ ಮುಗಿಸಿದವರಿಗೆ ಡಿಪ್ಲೊಮಾ ಕೊಡುವ ಕ್ರಮವಿದ್ದಾಗ ಮೈಸೂರು ಬಿ.ಎ. ಮಟ್ಟದಲ್ಲೇ ಇದನ್ನು ಐಚ್ಛಿಕ ವಿಷಯವಾಗಿ ಕಲಿಸಿತು. ವಿದ್ಯಾರ್ಥಿ ಸುದ್ದಿ ಬರೆಯುವುದನ್ನು ಕಲಿಯುತ್ತಲೇ ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ರಾಜ್ಯಶಾಸ್ತ್ರವನ್ನೋ ಓದುತ್ತಿದ್ದ. ಬಜೆಟ್ ವರದಿ ಮಾಡುವವನಿಗೆ ರಾಜಸ್ವ ಕೊರತೆ ಎಂದರೇನು ಎಂದು ತಿಳಿದಿರಬೇಕು, ವಿಧಾನಸಭೆಯ ವರದಿಗಾರನಿಗೆ ಸಂವಿಧಾನ ಗೊತ್ತಿರಬೇಕು. ಕೌಶಲದ ಜೊತೆಗೆ ವಿಷಯಜ್ಞಾನವನ್ನೂ ಕೊಟ್ಟ ಈ ಜೋಡಣೆ ಕರ್ನಾಟಕದ ಕಾಲೇಜುಗಳು ಮಾಡಿದ ಒಳ್ಳೆಯ ಆಯ್ಕೆಗಳಲ್ಲಿ ಒಂದು.

ಹೊರದೇಶದಲ್ಲಿ ಕಲಿತು ಬಂದು ಊರಿನ ಓದುಗರಿಗಾಗಿ ದುಡಿದ ಮತ್ತೊಬ್ಬರು ಪಾಟೀಲ ಪುಟ್ಟಪ್ಪ. ಕ್ಯಾಲಿಫೋರ್ನಿಯಾದಲ್ಲಿ ಪತ್ರಿಕೋದ್ಯಮ ಓದಿದ ಅವರು ಹುಬ್ಬಳ್ಳಿಯಲ್ಲಿ ‘ಪ್ರಪಂಚ’ ನಡೆಸಿದರು. ಪದವಿ ಮತ್ತು ಅನುಭವ ಪರಸ್ಪರ ವಿರೋಧಿಗಳಲ್ಲ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ಸುದ್ದಿಯಿಂದ ಸಂವಹನಕ್ಕೆ

ಅರವತ್ತರ ದಶಕದಲ್ಲಿ ದೇಶದ ಚಿಂತೆ ಬೇರೆಯಾಯಿತು. ಹೊಸ ಬಿತ್ತನೆ ಬೀಜ, ಕುಟುಂಬ ಯೋಜನೆ, ಸಾಕ್ಷರತೆ ಇವನ್ನೆಲ್ಲ ಹಳ್ಳಿಗೆ ತಲುಪಿಸುವುದು ಹೇಗೆ? ಅಭಿವೃದ್ಧಿಯಲ್ಲಿ ಮಾಧ್ಯಮದ ಪಾತ್ರವನ್ನು ಕುರಿತ ವಿಲ್ಬರ್ ಶ್ರಾಮ್ ಅವರ ಪುಸ್ತಕ 1964ರಲ್ಲಿ ಬಂತು. ಮರುವರ್ಷವೇ ದೆಹಲಿಯಲ್ಲಿ ಭಾರತೀಯ ಸಮೂಹ ಸಂವಹನ ಸಂಸ್ಥೆ ಆರಂಭವಾಯಿತು. ಬೆಂಗಳೂರು ವಿಶ್ವವಿದ್ಯಾಲಯ 1973ರಲ್ಲಿ ತೆರೆದ ಸಂವಹನ ವಿಭಾಗ ಈ ಹೊಸ ದೃಷ್ಟಿಯದು. ಸುದ್ದಿಮನೆಯ ಆಚೆಗಿನ ರೇಡಿಯೊ, ಚಲನಚಿತ್ರ, ಜಾಹೀರಾತು, ಸಾರ್ವಜನಿಕ ಸಂಪರ್ಕ, ಸಂಶೋಧನೆ ಎಲ್ಲವೂ ಪಠ್ಯದೊಳಗೆ ಬಂದವು.

1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಟಿ.ವಿ. ಪ್ರಯೋಗ ಈ ಓದಿಗೆ ನಮ್ಮದೇ ನೆಲದ ಉದಾಹರಣೆ ಒದಗಿಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಜನ ಒಟ್ಟಿಗೆ ಕುಳಿತು ಟಿ.ವಿ. ನೋಡಿದರು. ಆ ಪಟ್ಟಿಯಲ್ಲಿ ಕರ್ನಾಟಕದ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅಮೆರಿಕದ ಮಾದರಿಗಳನ್ನು ಉರು ಹೊಡೆಯುವ ವಿದ್ಯಾರ್ಥಿಗೆ ತನ್ನ ಜಿಲ್ಲೆಯಲ್ಲೇ ಅಧ್ಯಯನದ ವಸ್ತುವಿತ್ತು.

ಈ ವಿಸ್ತರಣೆಯಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಸಂಶೋಧನೆಯ ಶಿಸ್ತು ಬಂತು, ಪಿಎಚ್.ಡಿ.ಗಳು ಬಂದವು, ಉದ್ಯೋಗದ ಬಾಗಿಲುಗಳು ಹೆಚ್ಚಿದವು. ಆದರೆ ಸಿದ್ಧಾಂತದ ಪತ್ರಿಕೆಗಳು ಹೆಚ್ಚಿದಂತೆ ಬರವಣಿಗೆಯ ತಾಸುಗಳು ಕಡಿಮೆಯಾದವು. ಸಂವಹನದ ಹತ್ತು ವ್ಯಾಖ್ಯೆ ಬಲ್ಲ ಪದವೀಧರ ನಗರಸಭೆಯ ಸಭೆಯ ವರದಿಯನ್ನು ಮುನ್ನೂರು ಪದದಲ್ಲಿ ಬರೆಯಲಾರ ಎಂದು ಸಂಪಾದಕರು ಆಡುವ ದೂರು ಹುಟ್ಟಿದ್ದು ಇಲ್ಲಿಂದ. ಆ ದೂರಿನಲ್ಲಿ ನ್ಯಾಯವಿದೆ.

ಬಾನುಲಿಯ ಒಳ್ಳೆಯ ಪಾಠ

ಈ ಕೊರತೆಗೆ ಉತ್ತರ ಮೈಸೂರಿನಲ್ಲಿ ಬಹಳ ಹಿಂದೆಯೇ ಸಿಕ್ಕಿತ್ತು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಪ್ರಸಾರ ಯಂತ್ರವಿಟ್ಟು ರೇಡಿಯೊ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಆ ನಿಲಯದಿಂದ. ಒಬ್ಬ ಮೇಷ್ಟರು ಸ್ವಂತ ಆಸಕ್ತಿಯಿಂದ ಮಾಡಿದ ಆ ಕೆಲಸ ಮುಂದೆ ಮೈಸೂರು ಸಂಸ್ಥಾನದ ಪಾಲಾಗಿ, ಸ್ವಾತಂತ್ರ್ಯಾನಂತರ ರಾಷ್ಟ್ರದ ಪ್ರಸಾರಜಾಲವನ್ನು ಸೇರಿತು.

ಶಿಕ್ಷಣ ಸಂಸ್ಥೆಗಳು ಸಮುದಾಯ ರೇಡಿಯೊ ನಡೆಸಬಹುದೆಂದು ಕೇಂದ್ರ ಸರ್ಕಾರ ಒಪ್ಪಿದ್ದು 2002ರ ಕೊನೆಗೆ. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ಮೊದಲ ಹೆಜ್ಜೆ ಇಟ್ಟಿತು. ಬೆಂಗಳೂರಿನಲ್ಲಿ ಜೈನ್ ಸಂಸ್ಥೆಯ ‘ರೇಡಿಯೊ ಆ್ಯಕ್ಟಿವ್’, ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜಿನ ‘ಸಾರಂಗ್’ ಬಳಿಕ ಬಂದವು. ಸಾರಂಗ್‌ನಲ್ಲಿ ಕನ್ನಡದ ಜೊತೆ ತುಳು, ಕೊಂಕಣಿಯೂ ಕೇಳುತ್ತದೆ. ಕಾರ್ಯಕ್ರಮಕ್ಕಾಗಿ ಮೀನುಗಾರರನ್ನೋ ಆಟೊ ಚಾಲಕರನ್ನೋ ಮಾತನಾಡಿಸಿ, ಧ್ವನಿ ಕತ್ತರಿಸಿ, ಹೊತ್ತಿಗೆ ಸರಿಯಾಗಿ ಪ್ರಸಾರಕ್ಕೆ ಕೊಡುವ ವಿದ್ಯಾರ್ಥಿಗೆ ಡೆಡ್‌ಲೈನ್ ಎಂದರೇನೆಂದು ಬೇರೆ ಪಾಠ ಬೇಡ. ನಿಜವಾದ ಕೇಳುಗರಿದ್ದಾಗ ತಪ್ಪಿಗೆ ನಿಜವಾದ ಹೊಣೆ ಇರುತ್ತದೆ.

ವಾಹಿನಿಗಳ ಕಾಲ

ತೊಂಬತ್ತರ ದಶಕದಿಂದ ಬೇಡಿಕೆ ಒಮ್ಮೆಲೇ ಏರಿತು. 1994ರಲ್ಲಿ ಉದಯ ಟಿ.ವಿ., 1999ರಲ್ಲಿ ‘ವಿಜಯ ಕರ್ನಾಟಕ’, 2000ದಲ್ಲಿ ಈಟಿವಿ ಕನ್ನಡ, 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ, 2006ರಲ್ಲಿ ಟಿವಿ9 ಕನ್ನಡ, 2012ರಲ್ಲಿ ಪಬ್ಲಿಕ್ ಟಿ.ವಿ. ಬಂದವು. ಡೆಸ್ಕಿಗೆ, ಕ್ಯಾಮೆರಾದ ಮುಂದಕ್ಕೆ, ಸಂಕಲನದ ಕೋಣೆಗೆ, ಜಿಲ್ಲಾ ವರದಿಗಾರಿಕೆಗೆ ಯುವಕ ಯುವತಿಯರು ಬೇಕಾದರು.

ಶಿಕ್ಷಣವೂ ಹಬ್ಬಿತು. ಮಂಗಳೂರು, ಧಾರವಾಡ, ಕಲಬುರಗಿ, ಶಿವಮೊಗ್ಗ, ತುಮಕೂರಿನ ವಿಶ್ವವಿದ್ಯಾಲಯಗಳಲ್ಲಿ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ವಿಭಾಗಗಳಾದವು. ಉಜಿರೆ, ಮೂಡುಬಿದಿರೆಯ ಕಾಲೇಜುಗಳು ಕನ್ನಡ ಸುದ್ದಿಮನೆಗಳಿಗೆ ತಲೆಮಾರುಗಳನ್ನೇ ಕಳಿಸಿದವು. ಮಣಿಪಾಲದಲ್ಲಿ 1997ರಲ್ಲಿ ಸಂವಹನ ಶಾಲೆ ಬಂತು. 1994ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ 2000ದಲ್ಲಿ ಚೆನ್ನೈಗೆ ಹೋಯಿತು.

ಇದೇ ಹೊತ್ತಿಗೆ ಎರಡು ಲೋಕಗಳೂ ಏರ್ಪಟ್ಟವು. ದೊಡ್ಡ ಶುಲ್ಕದ ನಗರದ ಸಂಸ್ಥೆಗಳಲ್ಲಿ ಸ್ಟುಡಿಯೊ, ಕ್ಯಾಮೆರಾ, ಇಂಗ್ಲಿಷ್ ಪುಸ್ತಕಗಳಿದ್ದವು. ಸರ್ಕಾರಿ ಕಾಲೇಜುಗಳಲ್ಲಿ ಹಲವೆಡೆ ಅತಿಥಿ ಉಪನ್ಯಾಸಕರೊಬ್ಬರೇ ಇಡೀ ವಿಭಾಗ. ಪ್ರಯೋಗಾಲಯವೆಂದರೆ ನಾಲ್ಕಾರು ಕಂಪ್ಯೂಟರ್. ಆದರೆ ಜಿಲ್ಲೆಯ ಮಾತು, ಬೆಳೆ, ಜಾತಿ, ಜಗಳ, ಜಾತ್ರೆ ಎಲ್ಲ ಗೊತ್ತಿರುವುದು ಈ ಎರಡನೆಯ ಗುಂಪಿನ ಮಕ್ಕಳಿಗೇ. ಅವರಲ್ಲಿ ಅನೇಕರು ಮನೆಯಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು, ದೊಡ್ಡ ಸಂಖ್ಯೆಯಲ್ಲಿ ಹೆಣ್ಣುಮಕ್ಕಳು. ಕನ್ನಡ ಮಾಧ್ಯಮಕ್ಕೆ ಅವರಷ್ಟು ಬೇಕಾದವರು ಇನ್ನಾರೂ ಇಲ್ಲ. ಅವರಿಗೆ ಕನ್ನಡದಲ್ಲಿ ಒಳ್ಳೆಯ ಪಠ್ಯಪುಸ್ತಕ, ಖಾಯಂ ಅಧ್ಯಾಪಕರು, ಬಳಸಲು ಯೋಗ್ಯ ಉಪಕರಣ ಒದಗಿಸದಿರುವುದು ಈ ಏಳು ದಶಕಗಳ ದೊಡ್ಡ ಲೋಪ.

ಕೈಯಲ್ಲಿ ಫೋನ್, ಮುಂದೇನು?

ಈಗ ಯಂತ್ರ ಮತ್ತೆ ಬದಲಾಗಿದೆ. ಸ್ಟುಡಿಯೊ ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಜೇಬಿನ ಫೋನ್ ಮಾಡುತ್ತದೆ. ಅನುವಾದ, ತಲೆಬರಹ, ಸಾರಾಂಶಗಳನ್ನು ಕೃತಕ ಬುದ್ಧಿಮತ್ತೆ ಬರೆದುಕೊಡುತ್ತದೆ. ಸುದ್ದಿಮನೆಯ ಹುದ್ದೆಗಳು ಬಿಗಿಯಾಗಿವೆ. ತಾಲ್ಲೂಕು ಅರೆಕಾಲಿಕ ವರದಿಗಾರರ ಸಂಭಾವನೆ ಬದುಕಿಗೆ ಸಾಲುವಂಥದ್ದಲ್ಲ. ಅತ್ತ ಪಾಡ್‌ಕಾಸ್ಟ್, ಸಾಕ್ಷ್ಯಚಿತ್ರ, ಸಬ್‌ಟೈಟಲ್, ಸತ್ಯಶೋಧನೆ, ಕಂಪನಿ ಮತ್ತು ಸ್ವಯಂಸೇವಾ ಸಂಸ್ಥೆಗಳ ಸಂವಹನ ವಿಭಾಗಗಳಲ್ಲಿ ಕೆಲಸಗಳಿವೆ. ಇದರ ನಡುವೆ ಪಠ್ಯಕ್ರಮವೂ ಅಲುಗಾಡಿತು. ಕರ್ನಾಟಕ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ತಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು.

ಇಷ್ಟು ಬದಲಾವಣೆಯ ನಡುವೆ ಹಳತಾಗದ ಕಲಿಕೆ ಯಾವುದು? ಮೊದಲನೆಯದು ಭಾಷೆ: ಸ್ಪಷ್ಟ ಕನ್ನಡ, ಅದರ ಜೊತೆಗೆ ಮೂಲ ದಾಖಲೆ ಓದಿ ಅರಗಿಸಿಕೊಳ್ಳುವಷ್ಟು ಇಂಗ್ಲಿಷ್. ಎರಡನೆಯದು ಕಾನೂನು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಅಪರಾಧ. ಪೋಕ್ಸೊ ಪ್ರಕರಣದಲ್ಲಿ ಮಗುವಿನ ಹೆಸರಿರಲಿ, ಶಾಲೆ, ನೆರೆಹೊರೆಯ ವಿವರವನ್ನೂ ಕೊಡುವಂತಿಲ್ಲ. ಮಾನನಷ್ಟ, ನ್ಯಾಯಾಂಗ ನಿಂದನೆ, 2005ರ ಮಾಹಿತಿ ಹಕ್ಕು ಕಾಯ್ದೆಗಳನ್ನು ಅರಿಯದವನ ಕೈಗೆ ಕ್ಯಾಮೆರಾ ಕೊಟ್ಟರೆ ಹಾನಿ ಅಮಾಯಕರಿಗೆ. ಮೂರನೆಯದು ಪರಿಶೀಲನೆ: ಎಫ್‌ಐಆರ್, ಪಹಣಿ, ಪಂಚಾಯಿತಿಯ ಜಮಾಖರ್ಚು, ಬಜೆಟ್ ಪುಸ್ತಕ ಓದಲು ಬರಬೇಕು, ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರ ಎಲ್ಲಿಯದು, ಎಂದಿನದು ಎಂದು ಪತ್ತೆಹಚ್ಚಲು ಬರಬೇಕು. ನಾಲ್ಕನೆಯದು ಮೈಸೂರು ಮೊದಲೇ ತೋರಿಸಿದ್ದು, ಇನ್ನೊಂದು ವಿಷಯದ ಗಟ್ಟಿ ಓದು: ಕೃಷಿ, ಆರೋಗ್ಯ, ಕಾನೂನು, ಅರ್ಥಶಾಸ್ತ್ರ, ಪರಿಸರ, ಯಾವುದಾದರೂ ಸರಿ. ಹೇಳಿದ್ದನ್ನು ಚೆಂದಗೊಳಿಸುವುದು ಯಂತ್ರಕ್ಕೆ ಸಾಧ್ಯ. ಸಂತೆಗೆ ಹೋಗಿ ಬೆಲೆ ಕೇಳುವುದು, ಸಂತ್ರಸ್ತರ ಮನೆಯ ಮುಂದೆ ನಿಂತು ಸಭ್ಯವಾಗಿ ಮಾತನಾಡಿಸುವುದು, ಬರೆದದ್ದಕ್ಕೆ ಹೆಸರು ಹಾಕಿ ಹೊಣೆ ಹೊರುವುದು ಮನುಷ್ಯರ ಕೆಲಸ.

ಆದ್ದರಿಂದ ಕಾಲೇಜು ಆರಿಸುವ ವಿದ್ಯಾರ್ಥಿ ಕಟ್ಟಡವನ್ನೂ ಜಾಹೀರಾತನ್ನೂ ನೋಡಿ ತೀರ್ಮಾನಿಸಬಾರದು. ಪ್ರಾಯೋಗಿಕ ಪತ್ರಿಕೆ ವರ್ಷಕ್ಕೆ ಎಷ್ಟು ಬಾರಿ ಬರುತ್ತದೆ? ವಿದ್ಯಾರ್ಥಿಯ ಬರಹವನ್ನು ಸಾಲು ಸಾಲಾಗಿ ತಿದ್ದುವವರು ಯಾರು? ಇಂಟರ್ನ್‌ಶಿಪ್ ಮುಗಿಸಿ ಬಂದವರ ಅನುಭವವನ್ನು ಯಾರಾದರೂ ಕೂತು ಕೇಳುತ್ತಾರೆಯೇ? ಈ ಮೂರು ಪ್ರಶ್ನೆ ಕೇಳಲಿ. ವಿಶ್ವವಿದ್ಯಾಲಯಗಳ ಮುಂದೆಯೂ ಸ್ಪಷ್ಟ ಕೆಲಸವಿದೆ: ಸರ್ಕಾರಿ ಕಾಲೇಜಿನ ಖಾಲಿ ಹುದ್ದೆ ತುಂಬಲು ಒತ್ತಾಯಿಸುವುದು, ಕನ್ನಡದಲ್ಲಿ ಹೊಸ ಪಠ್ಯ ಬರೆಸುವುದು, ಪ್ರತಿ ವಿಭಾಗದಿಂದಲೂ ಊರಿನ ಜನ ನಿಜವಾಗಿ ಓದುವ ಅಥವಾ ಕೇಳುವ ಒಂದು ಪತ್ರಿಕೆಯನ್ನೋ ಬಾನುಲಿಯನ್ನೋ ನಡೆಸುವುದು. ಇಷ್ಟು ನಡೆಯುವ ಕಡೆ ಓದಿದವರಿಗೆ ಕೆಲಸ ಸಿಕ್ಕೀತು. ಅದಕ್ಕಿಂತ ಮುಖ್ಯವಾಗಿ, ಅವರ ಕೆಲಸದಿಂದ ಊರಿಗೆ ಉಪಯೋಗವಾದೀತು.