ಫೋನ್ ಲೈನಿಗಿಂತ ಬಸ್ಸೇ ಬೇಗ

ನಿಮ್ಮ ಮೊಬೈಲಿನಲ್ಲಿ 50 ಎಂಬಿಯ ಒಂದು ಆ್ಯಪ್ ಅಪ್‌ಡೇಟ್ ಆಗಲು ಎಷ್ಟು ಹೊತ್ತು ಬೇಕು? ಇಪ್ಪತ್ತು ವರ್ಷದ ಹಿಂದೆ ಹುಮನಾಬಾದಿನಲ್ಲೋ ಬಸವಕಲ್ಯಾಣದಲ್ಲೋ ಕುಳಿತು ಅಷ್ಟೇ ದೊಡ್ಡ ಫೈಲ್ ಇಳಿಸಲು ಮೂರೂವರೆ ತಾಸು ಬೇಕಾಗುತ್ತಿತ್ತು. ಅದೂ ಲೈನ್ ನಡುವೆ ಕಡಿಯದಿದ್ದರೆ.

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ, ಮೊದಲು ನಾಲ್ಕು ಮಹಾನಗರಗಳಿಗೆ. ನಮ್ಮ ಕಡೆಗೆ ಬಂದದ್ದು ತಡವಾಗಿ, ಅದೂ ಮಾತಾಡುವ ಫೋನಿನ ತಂತಿಯಲ್ಲೇ. ಮೋಡೆಮ್ ನಂಬರ್ ತಿರುಗಿಸಿ, ಕಿರ್ರ್ ಎಂದು ಕೂಗಿ, ಆ ಕಡೆಯ ಯಂತ್ರದ ಜೊತೆ ಸೇರಿಕೊಳ್ಳಬೇಕು. ಡಬ್ಬಿಯ ಮೇಲೆ 56 ಕೆಬಿಪಿಎಸ್ ಎಂದಿದ್ದರೂ ಹಳೆಯ ತಂತಿಯಲ್ಲಿ ಸೆಕೆಂಡಿಗೆ 4 ಕೆಬಿ ಇಳಿದರೆ ಪುಣ್ಯ. ಅಷ್ಟು ಹೊತ್ತೂ ಮನೆಗೆ ಬೇರೆ ಫೋನ್ ಬರುವಂತಿಲ್ಲ, ಮೀಟರ್ ಓಡುತ್ತಲೇ ಇರುತ್ತದೆ. ಹುಮನಾಬಾದಿನ ಕೋಡ್ 08483, ಬಸವಕಲ್ಯಾಣದ್ದು 08481. ಇಂಟರ್‌ನೆಟ್ಟಿನ ನಂಬರ್ ಬೇರೆ ಊರಿನದಾದರೆ ಎಸ್‌ಟಿಡಿ ದರ. ಹಾಗಾಗಿ ದೊಡ್ಡ ಫೈಲುಗಳೆಲ್ಲ ರಾತ್ರಿಯ ಕೆಲಸ.

ಲೈನ್ ಕಡಿದರೆ ಏನು ಗತಿ? ಮೊದಮೊದಲು ಮತ್ತೆ ಸೊನ್ನೆಯಿಂದ. ಗೆಟ್‌ರೈಟ್, ಫ್ಲ್ಯಾಶ್‌ಗೆಟ್‌ನಂಥ ಡೌನ್‌ಲೋಡ್ ಮ್ಯಾನೇಜರುಗಳು ಬಂದ ಮೇಲೆ, ಆ ಕಡೆಯ ಸರ್ವರ್ ಒಪ್ಪಿದರೆ, ನಿಂತಲ್ಲಿಂದ ಮುಂದುವರಿಸಬಹುದಾಯಿತು. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ನಮ್ಮಂಥ ಊರುಗಳಿಗೆ ವೇಗಕ್ಕಿಂತ ಇದೇ ದೊಡ್ಡ ಉಪಕಾರ ಎಂದು ನನ್ನ ಅನಿಸಿಕೆ. ಶೇಷಾದ್ರಿವಾಸು ಅವರು 1998ರಲ್ಲಿ ತಂದ 'ಬರಹ' ಕೆಲವೇ ಎಂಬಿಯದು. ಅದೇ ನೂರಾರು ಎಂಬಿ ಇದ್ದಿದ್ದರೆ ಡಯಲಪ್‌ನಲ್ಲಿ ಇಳಿಸಿಕೊಂಡು ಕನ್ನಡ ಟೈಪ್ ಮಾಡುವುದು ಆಗದ ಮಾತು.

ನಿಧಾನ ಎಂದರೆ ಬರೀ ಬೇಸರವಲ್ಲ, ಅಪಾಯವೂ ಹೌದು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ವೈರಸ್ ಹರಡಿತು. ಸೋಂಕಿದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರು ನೆಟ್‌ಗೆ ಹೋದರೆ 60 ಸೆಕೆಂಡು ಎಣಿಸಿ ತಾನೇ ಬಂದ್ ಆಗುತ್ತಿತ್ತು. ಅದನ್ನು ಸರಿಪಡಿಸುವ ಫೈಲ್ ಇದ್ದದ್ದು ಒಂದು ಎಂಬಿಯ ಆಸುಪಾಸು, ಡಯಲಪ್‌ನಲ್ಲಿ ನಾಲ್ಕೈದು ನಿಮಿಷ. ಔಷಧಿ ಬರುವ ಮೊದಲೇ ರೋಗಿ ಮಲಗಿಬಿಡುತ್ತಿದ್ದ! ಮರುವರ್ಷ ಬಂದ ಸರ್ವಿಸ್ ಪ್ಯಾಕ್ 2ರ ಪೂರ್ಣ ಫೈಲ್ ಸುಮಾರು 266 ಎಂಬಿ. ಅಂದರೆ ಹತ್ತೊಂಬತ್ತು ತಾಸು. ಮೈಕ್ರೋಸಾಫ್ಟೇ ಅದನ್ನು ಸಿಡಿಯಲ್ಲಿ ಪುಕ್ಕಟೆ ಅಂಚೆಗೆ ಹಾಕಿತು.

ಸಿಡಿಯ ಲೆಕ್ಕ ನೋಡಿ. ಒಂದರಲ್ಲಿ 700 ಎಂಬಿ ಹಿಡಿಯುತ್ತದೆ. ಹುಮನಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿನ ಊರು. ಹೈದರಾಬಾದಿನಿಂದ ಒಂದು ಸಿಡಿ ಯಾರದೋ ಚೀಲದಲ್ಲಿ ನಾಲ್ಕು ತಾಸಿಗೆ ಬಂದಿತೆಂದರೆ, ಸೆಕೆಂಡಿಗೆ ಸುಮಾರು 50 ಕೆಬಿ. ಫೋನ್ ಲೈನಿಗಿಂತ ಹನ್ನೆರಡು ಪಟ್ಟು ಬೇಗ! ಆದರೆ ಹೈದರಾಬಾದಿಗೆ ಹೋಗಿಬರುವ ಅಣ್ಣನೋ ಮಾವನೋ ಇದ್ದವರಿಗೆ ಮಾತ್ರ ಈ ಅನುಕೂಲ. ಉಳಿದವರಿಗೆ ಪತ್ರಿಕೆಗಳ ಜೊತೆ ಬರುವ ಸಿಡಿಗಳು. 2005ರಿಂದ 2011ರವರೆಗೆ ಉಬುಂಟುವಿನವರು ವಿಳಾಸ ಕೊಟ್ಟವರಿಗೆಲ್ಲ ಪುಕ್ಕಟೆ ಕಳಿಸುತ್ತಿದ್ದ ಲಿನಕ್ಸ್ ಸಿಡಿಗಳು.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರು ಮಾಡಿತು. ಅದೂ ತಾಮ್ರದ ತಂತಿಯದೇ. ಎಕ್ಸ್‌ಚೇಂಜಿನಿಂದ ಮೂರ್ನಾಲ್ಕು ಕಿಲೋಮೀಟರ್ ದಾಟಿದರೆ ಸೊರಗುತ್ತದೆ. ಹಾಗಾಗಿ ತಂತಿಯ ಈ ವೇಗ ಪೇಟೆ ದಾಟಿ ಹೊಲದಾಚೆಯ ಊರುಗಳಿಗೆ ಹೋಗುವುದು ಕಷ್ಟವಿತ್ತು. ಅಲ್ಲಿನ ಎಷ್ಟೋ ಮನೆಗಳಿಗೆ ಮೊದಲ ಇಂಟರ್‌ನೆಟ್ ಎಂದರೆ ಈಗ ನೀವು ಇದನ್ನು ಓದುತ್ತಿರುವ ಮೊಬೈಲೇ.