ಕೊಡಿಗೇಹಳ್ಳಿಯ ಮೊಸಾಯಿಕ್ ನೆಲಗಳಲ್ಲಿ ತೇವದ ಮೂಲ: ಒಂದು ವಿಚಾರಣೆ

ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ, ಬಳ್ಳಾರಿ ರಸ್ತೆಯ ಪಶ್ಚಿಮಕ್ಕಿರುವ ಕೊಡಿಗೇಹಳ್ಳಿಯಲ್ಲಿ, ಆ ಪ್ರದೇಶವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯ ಮೇರೆಯೊಳಕ್ಕೆ ಸೇರುವುದಕ್ಕೆ ಮೊದಲೇ ಕಟ್ಟಿದ ಮನೆಗಳ ಪೈಕಿ ಕೆಲವುಗಳಲ್ಲಿ, ಗ್ರಾನೈಟು ಮತ್ತು ವಿಟ್ರಿಫೈಡ್ ಟೈಲುಗಳ ಕಾಲಕ್ಕೆ ಹಿಂದಿನದಾದ ಮೊಸಾಯಿಕ್ ನೆಲವು ಇಂದಿಗೂ ಉಳಿದುಬಂದಿದೆ. ಮಳೆಗಾಲ ಬಂದೊಡನೆ ಈ ನೆಲ ಕಾಂತಿಗುಂದುವುದೂ, ಬಿಲ್ಲೆಗಳ ಸಂದುಗಳಲ್ಲಿ ಬಿಳಿಯ ಉಪ್ಪು ಏಳುವುದೂ, ಗೋಡೆಯ ಅಂಚಿನಲ್ಲಿ ಕಪ್ಪು ಕಲೆ ಹರಡುವುದೂ ಮನೆಯವರು ಬಲ್ಲ ಸಂಗತಿಗಳೇ. ಇವಕ್ಕೆಲ್ಲ ಹವೆಯ ಆರ್ದ್ರತೆಯೇ ಕಾರಣವೆಂದೂ, ಆದುದರಿಂದ ನೆಲವನ್ನು ಉಜ್ಜಿ ಮೇಲೊಂದು ಪಾರದರ್ಶಕ ಲೇಪವನ್ನು ಹೊದಿಸಿಬಿಟ್ಟರೆ ದೋಷ ಪರಿಹಾರವಾಗುವುದೆಂದೂ ಪಾಲಿಶ್ ಕೆಲಸದವರಲ್ಲಿಯೂ ಗೃಹನಿರ್ಮಾಪಕರಲ್ಲಿಯೂ ಒಂದು ಮತ ಬಳಕೆಯಲ್ಲಿದೆ. ಈ ಮತದ ಪೂರ್ವಾರ್ಧವು ಕೊಡಿಗೇಹಳ್ಳಿಯ ಮಟ್ಟಿಗೆ ಸಾಧುವಲ್ಲವೆಂದೂ, ಉತ್ತರಾರ್ಧವು ಹಾನಿಕರವೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ವಿವಾದವಿಲ್ಲದ ವಿಷಯಗಳನ್ನು ಮೊದಲು ಸಂಗ್ರಹವಾಗಿ ಹೇಳಬಹುದು. ಅಮೃತಶಿಲೆಯ ಚೂರುಗಳನ್ನು ಬಂಧಕದಲ್ಲಿ ಕಲಸಿ, ಹಾಸಿ, ಗಟ್ಟಿಯಾದ ತರುವಾಯ ಉಜ್ಜಿ ಹೊಳಪಿಸುವ ಟೆರಾಜೊ ಪದ್ಧತಿ ವೆನಿಸ್ ಪ್ರಾಂತದಲ್ಲಿ ಬೆಳೆದದ್ದು. ನಮ್ಮಲ್ಲಿ ಅದಕ್ಕೆ ಮೊಸಾಯಿಕ್ ಎಂಬ ಹೆಸರೇ ರೂಢಿ. ಮುಂಬಯಿಯಲ್ಲಿ 1922ರಲ್ಲಿ ಸ್ವದೇಶೀ ಉದ್ದೇಶದಿಂದ ಆರಂಭವಾದ ಭಾರತ್ ಫ್ಲೋರಿಂಗ್ ಟೈಲ್ಸ್ ಸಂಸ್ಥೆಯ ಕಾಲದಿಂದ ಸಿಮೆಂಟಿನ ಬಿಲ್ಲೆಗಳ ತಯಾರಿಕೆ ಈ ದೇಶದಲ್ಲಿ ಬೇರೂರಿತು. ಸ್ಥಳದಲ್ಲಿಯೇ ಎರೆದು ಮಾಡುವ ನೆಲಕ್ಕೆ ಭಾರತೀಯ ಮಾನಕ 2114, ಬಿಲ್ಲೆಗಳ ಗುಣಕ್ಕೆ 1237, ಬಿಲ್ಲೆ ಹಾಸುವ ಕ್ರಮಕ್ಕೆ 1443 ಆಧಾರ. ಕೇಂದ್ರ ಲೋಕೋಪಯೋಗಿ ಇಲಾಖೆಯ ವಿಧಿಯಂತೆ 40 ಮಿಲಿಮೀಟರ್ ದಪ್ಪದ ನೆಲದಲ್ಲಿ 34 ಮಿಲಿಮೀಟರು ಕಾಂಕ್ರೀಟು, ಮೇಲಿನ 6 ಮಿಲಿಮೀಟರು ಮಾತ್ರ ಚಿಪ್ಸಿನ ಪದರ. ಆ ಪದರಕ್ಕೆ ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಅಮೃತಶಿಲೆಯ ಪುಡಿಯನ್ನು ತೂಕದಿಂದ ಬೆರಸಿ, ಆ ಮಿಶ್ರಣದ ನಾಲ್ಕು ಪಾಲಿಗೆ ಏಳು ಪಾಲು ಚಿಪ್ಸನ್ನು ಅಳತೆಯಿಂದ ಕೂಡಿಸತಕ್ಕದ್ದು. ಬಳಿಕ ಒರಟು ಕಲ್ಲಿನಿಂದ ಮೊದಲುಗೊಂಡು ನುಣ್ಣನೆಯ ಕಲ್ಲಿನವರೆಗೆ ಮೂರು ಸಲ ಉಜ್ಜುವುದು, ನಡುವೆ ಸೂಜಿರಂಧ್ರಗಳಿಗೆ ಸಿಮೆಂಟ್ ಹಾಲು ತುಂಬುವುದು, ಕೊನೆಗೆ ಚದರ ಮೀಟರಿಗೆ 33 ಗ್ರಾಂ ಆಕ್ಸಾಲಿಕ್ ಆಮ್ಲದ ಪುಡಿಯಿಂದ ಹೊಳಪು ಕೊಡುವುದು: ಇಷ್ಟರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಭಿನ್ನಾಭಿಪ್ರಾಯ ಹುಟ್ಟುವುದು ತೇವ ಎಲ್ಲಿಂದ ಬರುತ್ತದೆಂಬ ಪ್ರಶ್ನೆಯಲ್ಲಿ. ಬ್ರಿಟನ್ನಿನ ಜೆಫ್ ಹೊವೆಲ್ ಎಂಬವರು 2008ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಳಪಾಯದಿಂದ ಗೋಡೆಗೆ ಏರುವ ತೇವವೆಂದು ಹೇಳಲಾಗುವುದರಲ್ಲಿ ಬಹುಪಾಲು ತಪ್ಪು ನಿದಾನವೆಂದೂ, ಹವೆಯ ನೀರಾವಿ ತಂಪಾದ ಮೈಮೇಲೆ ಹನಿಗಟ್ಟುವಂಥ ಬೇರೆ ಕಾರಣಗಳೇ ಹೆಚ್ಚೆಂದೂ ಬಲವಾಗಿ ವಾದಿಸಿದರು. ಅವರು ಹೇಳಿದ್ದು ಚಳಿದೇಶದ ಇಟ್ಟಿಗೆಯ ಗೋಡೆಗಳನ್ನು ಕುರಿತು; ಅದನ್ನು ಭೂಮಿಯ ಮೇಲೆಯೇ ಹಾಸಿದ ನಮ್ಮ ನೆಲಗಳಿಗೆ ಹೊಂದಿಸುವ ಹೊಣೆ ಹೊಂದಿಸುವವರದೇ ಹೊರತು ಹೊವೆಲ್ಲರದಲ್ಲ. ಹವೆಯ ಪಕ್ಷಕ್ಕೆ ನಮ್ಮವರು ಕೊಡುವ ಇನ್ನೊಂದು ಆಧಾರ ಕರಾವಳಿಯ ಅನುಭವ: ಮಂಗಳೂರು, ಉಡುಪಿಗಳ ಕಡೆ ನೆಲ ಬೆವರುತ್ತದೆಂಬುದು ಲೋಕಪ್ರಸಿದ್ಧವಾಗಿರುವುದರಿಂದ, ಬೆಂಗಳೂರಿನಲ್ಲಿಯೂ ಮಳೆಗಾಲದ ತೇವ ಅದೇ ಜಾತಿಯದೆಂದು ಅವರು ಭಾವಿಸುತ್ತಾರೆ.

ಈ ಪೂರ್ವಪಕ್ಷವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನೆಲಮಹಡಿ ಮತ್ತು ಮೊದಲ ಮಹಡಿಗಳೆರಡರಲ್ಲಿಯೂ ಒಂದೇ ಬಗೆಯ ಮೊಸಾಯಿಕ್ ಹಾಸಿದ ಹಳೆಯ ಮನೆಯನ್ನು ಹೊಕ್ಕು ನೋಡಿದರೆ, ಮೇಲಿನ ಕೋಣೆಯ ಬಿಲ್ಲೆಗಳು ಕನ್ನಡಿಯಂತಲ್ಲದಿದ್ದರೂ ನುಣುಪಾಗಿಯೇ ಇದ್ದು, ಕೆಳಗಿನ ಕೋಣೆಯಲ್ಲಿ ಗೋಡೆಯ ಪಕ್ಕದ ಒಂದೆರಡು ಸಾಲುಗಳ ಅಂಚುಗಳು ಮಾತ್ರ ಪುಡಿಯಾಗಿ, ಚಿಪ್ಸಿನ ಸುತ್ತಲಿನ ಸಿಮೆಂಟು ಸವೆದು, ಕಲ್ಲಿನ ಹರಳುಗಳು ಬೆರಳಿಗೆ ತಗಲುವಂತೆ ಎದ್ದು ನಿಂತಿರುವುದನ್ನು ಕಾಣಬಹುದು. ಎರಡು ಮಹಡಿಗಳ ಹವೆಯೂ ಒಂದೇ ಆಗಿರಲು, ಭೇದಕ್ಕೆ ಕಾರಣ ಕೆಳಗಿನ ಮಣ್ಣೇ ಇರಬೇಕೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಪೂರ್ವಪಕ್ಷಿಯು ಇದಕ್ಕೆ ಸುಲಭವಾಗಿ ಉತ್ತರ ಹೇಳಬಲ್ಲನು: ಭೂಮಿಗೆ ತಗಲಿದ ನೆಲ ಮಹಡಿಯ ನೆಲಕ್ಕಿಂತ ತಂಪು, ತಂಪಾದ ನೆಲದ ಮೇಲೆಯೇ ಆವಿ ಹನಿಗಟ್ಟುವುದಾದ್ದರಿಂದ ಈ ದೃಷ್ಟಾಂತ ತನ್ನ ಪಕ್ಷಕ್ಕೇ ಸಾಧಕವೆಂದು. ಆದುದರಿಂದ ಮಹಡಿಗಳ ಹೋಲಿಕೆಯೊಂದರಿಂದಲೇ ನಿರ್ಣಯ ಸಾಧ್ಯವಿಲ್ಲ. ಆ ತಂಪು ಸಾಕಷ್ಟು ತಂಪೇ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಹವೆಯ ಆವಿ ನೀರಾಗಬೇಕಾದರೆ ನೆಲದ ಮೈ ಇಬ್ಬನಿ ಬಿಂದುವಿಗಿಂತ ಕೆಳಗಿನ ಉಷ್ಣತೆಯಲ್ಲಿರಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ, ಮಳೆಗಾಲದ ಮಧ್ಯಾಹ್ನ ಹವೆ 27 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡ 70 ಇದ್ದರೆ ಇಬ್ಬನಿ ಬಿಂದು ಸುಮಾರು 21 ಡಿಗ್ರಿ. ಬೆಳಗಿನ ಜಾವ 22 ಡಿಗ್ರಿ, ಶೇಕಡ 90 ಇದ್ದರೆ ಸುಮಾರು 20 ಡಿಗ್ರಿ. ಮನೆಯ ಅಡಿಯ ಮಣ್ಣಿನ ಉಷ್ಣತೆಯಾದರೋ ಊರಿನ ವಾರ್ಷಿಕ ಸರಾಸರಿಯಾದ ಸುಮಾರು 24 ಡಿಗ್ರಿಯ ಸಮೀಪದಲ್ಲಿಯೇ ನಿಲ್ಲತಕ್ಕದ್ದು. ಅಂದಮೇಲೆ ನೆಲದ ಮೈಗೂ ಇಬ್ಬನಿ ಬಿಂದುವಿಗೂ ನಡುವೆ ಮೂರು ಡಿಗ್ರಿಗಳಷ್ಟು ಅಂತರ ಉಳಿಯುತ್ತದೆ. ಕರಾವಳಿಯಲ್ಲಿ ಹವೆ 28 ಡಿಗ್ರಿ, ಆರ್ದ್ರತೆ ಶೇಕಡ 90 ಆದಾಗ ಇಬ್ಬನಿ ಬಿಂದು 26 ಡಿಗ್ರಿಯನ್ನು ದಾಟಿ, ಅಲ್ಲಿಯ ನೆಲದ ಉಷ್ಣತೆಯನ್ನು ಬಹುಮಟ್ಟಿಗೆ ಮುಟ್ಟಿಬಿಡುತ್ತದೆ. ಮಂಗಳೂರಿನ ನೆಲ ಬೆವರುವುದು ನಿಜ. ಆ ನಿಜವನ್ನು ಘಟ್ಟದ ಮೇಲಕ್ಕೆ ತರಲು ಈ ಲೆಕ್ಕ ಅವಕಾಶ ಕೊಡುವುದಿಲ್ಲ.

ಈ ತೀರ್ಮಾನಕ್ಕೆ ಎರಡು ಮಿತಿಗಳನ್ನು ಹೇಳಲೇಬೇಕು. ಮಣ್ಣಿನ ಉಷ್ಣತೆಯನ್ನು ಇಲ್ಲಿ ಊಹಿಸಿರುವುದು ವಾರ್ಷಿಕ ಸರಾಸರಿಯ ಆಧಾರದಿಂದಲೇ ಹೊರತು ನೆಲದಲ್ಲಿ ಮಾಪಕವನ್ನು ಹೂತು ಅಳೆದಲ್ಲ. ಎರಡನೆಯದಾಗಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಜುಲೈ ತಿಂಗಳ ಒದ್ದೆ ಬಟ್ಟೆಗಳನ್ನು ಹಗ್ಗ ಕಟ್ಟಿ ಒಣಗಹಾಕಿದರೆ, ಅಥವಾ ಅಡಿಗೆಮನೆಯ ಆವಿ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ, ಆ ಕೋಣೆಯ ಆರ್ದ್ರತೆ ಶೇಕಡ 85ಕ್ಕೆ ಏರಿ ಇಬ್ಬನಿ ಬಿಂದು 24 ಡಿಗ್ರಿಯನ್ನು ಮುಟ್ಟುವುದು ಅಸಂಭವವಲ್ಲ. ಅಂಥ ಕೋಣೆಯ ಮಟ್ಟಿಗೆ ಪೂರ್ವಪಕ್ಷವನ್ನು ಒಪ್ಪಬಹುದು. ಇಡೀ ಮನೆಗೆ, ಇಡೀ ಬಡಾವಣೆಗೆ ಅದನ್ನು ವಿಸ್ತರಿಸಲಾಗದು.

ಉಪ್ಪಿನ ಸಾಕ್ಷ್ಯವೂ ಇದೇ ಕಡೆಗೆ ವಾಲುತ್ತದೆ. ಆವಿಯಿಂದ ಇಳಿದ ನೀರಿನಲ್ಲಿ ಲವಣವಿಲ್ಲ. ಸಂದುಗಳಲ್ಲಿ ವರ್ಷವರ್ಷವೂ ಗುಡಿಸಿದಷ್ಟೂ ಉಪ್ಪು ಮರಳಿ ಏಳಬೇಕಾದರೆ, ನೀರು ಕೆಳಗಿನಿಂದ ಲವಣವನ್ನು ಕರಗಿಸಿಕೊಂಡು ಮೇಲೆ ಬಂದು ಅಲ್ಲಿ ಆರಬೇಕು. ಬಿಲ್ಲೆಯ ಸಿಮೆಂಟಿನಲ್ಲಿಯೇ ಸ್ವಲ್ಪ ಲವಣವಿರುವುದರಿಂದ ಮೊದಲ ಕೆಲವು ವರ್ಷಗಳ ಉಪ್ಪಿಗೆ ಈ ವಾದ ಸಲ್ಲದು. ದಶಕಗಳ ತರುವಾಯವೂ ನಿಲ್ಲದ ಉಪ್ಪಿಗೆ ಸಲ್ಲುತ್ತದೆ.

ಇಲ್ಲಿ ಮತ್ತೊಂದು ಆಕ್ಷೇಪಣೆ ಏಳುವುದು ಸಹಜ: ಉತ್ತರ ಬೆಂಗಳೂರಿನ ಕೊಳವೆಬಾವಿಗಳಲ್ಲಿ ನೀರು ನೂರಾರು ಅಡಿ ಕೆಳಗಿಳಿದಿರುವಾಗ, ನೆಲಕ್ಕೆ ಏರುವ ನೀರು ಯಾವುದು? ಇದಕ್ಕೆ ಸಮಾಧಾನವೇನೆಂದರೆ, ಬಂಡೆಯ ಬಿರುಕುಗಳ ನೀರಿಗೂ ಮೇಲ್ಪದರದ ಕೆಮ್ಮಣ್ಣಿನ ನೀರಿಗೂ ಸಂಬಂಧ ಅಲ್ಪ. ಪಾಯದ ಮಗ್ಗುಲಿನಲ್ಲಿಯೇ ಇರುವ ಸಂಪು, ಒಡೆದ ಚರಂಡಿ ಕೊಳವೆ, ಹಿಂದಿನ ಕಾಲದ ಮಲದಗುಂಡಿ, ಗೋಡೆಗಂಟಿದ ಹೂಗಿಡಗಳ ಪಾತಿ: ಇವೆಲ್ಲ ಆ ಕೆಮ್ಮಣ್ಣನ್ನು ತೇವವಾಗಿಡುತ್ತವೆ. ಜಲಮಂಡಲಿಯ ಕಾಯಿದೆಗೆ 2009ರಲ್ಲಿ ಆದ ತಿದ್ದುಪಡಿಯಿಂದ 2,400 ಚದರಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹಳೆಯ ಮನೆಗಳಿಗೂ ಮಳೆನೀರಿನ ಕೊಯ್ಲು ಕಡ್ಡಾಯವಾದದ್ದು ಶ್ಲಾಘ್ಯವೇ. ಆದರೆ ಇಂಗುಗುಂಡಿಯನ್ನು ಜಾಗವಿಲ್ಲವೆಂದು ಪಾಯಕ್ಕೆ ಅಂಟಿಸಿ ತೋಡಿದಲ್ಲಿ, ಚಾವಣಿಯ ನೀರನ್ನೆಲ್ಲ ಮೊಸಾಯಿಕ್ಕಿನ ಅಡಿಗೆ ಬಿಟ್ಟಂತಾಗುತ್ತದೆ. ಇನ್ನು ಹಳೆಯ ಮನೆಗಳ ರಚನೆಯೋ ಈ ನೀರಿಗೆ ಅನುಕೂಲವಾದದ್ದು: ತೇವನಿರೋಧಕ ಪದರವನ್ನು ಗೋಡೆಯ ಅಗಲಕ್ಕೆ ಮಾತ್ರ ಹಾಕಿ, ಕೋಣೆಯೊಳಗೆ ಅಗೆದ ಕೆಮ್ಮಣ್ಣನ್ನೇ ತುಂಬಿ, ಧಮ್ಮಸು ಮಾಡಿ, ಅದರ ಮೇಲೆ ಕಾಂಕ್ರೀಟು ಹಾಸುತ್ತಿದ್ದರು. ಜೇಡಿ ಬೆರೆತ ಮಣ್ಣಿನ ಸೂಕ್ಷ್ಮರಂಧ್ರಗಳಲ್ಲಿ ಕೇಶಾಕರ್ಷಣದಿಂದ ನೀರು ಏರುವಷ್ಟು ದಪ್ಪ ಜಲ್ಲಿಯ ನಡುವೆ ಏರಲಾರದು.

ಈ ಎರಡು ಪಕ್ಷಗಳ ನಡುವೆ ನಿರ್ಣಯ ಕೊಡಬಲ್ಲ ಪರೀಕ್ಷೆಯೊಂದು ಅಮೆರಿಕದ ಮಾನಕ ಡಿ 4263ರಲ್ಲಿ ಉಕ್ತವಾಗಿದೆ: 18 ಅಂಗುಲ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಭದ್ರಪಡಿಸಿ, ಕನಿಷ್ಠ 16 ಗಂಟೆ ಬಿಡುವುದು. ನೀರು ಹಾಳೆಯ ಅಡಿಯಲ್ಲಿ ಕಂಡರೆ ಅದು ನೆಲದಿಂದ ಬಂದದ್ದು; ಮೇಲೆ ಕಂಡರೆ ಹವೆಯಿಂದ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚಾಪೆಯನ್ನು ಎತ್ತಿದಾಗ ಅದರ ಮೇಲ್ಮೈ ಒಣಗಿದ್ದು ಅಡಿ ಮಾತ್ರ ಒದ್ದೆಯಾಗಿರುವುದನ್ನು ಕಂಡ ಗೃಹಿಣಿಯರು ಈ ಪರೀಕ್ಷೆಯನ್ನು ಹೆಸರಿಲ್ಲದೆ ಮಾಡಿಯೇ ಇದ್ದಾರೆ. ಹಾಳೆಯ ಅಡಿ ಒಣಗಿದ್ದ ಮಾತ್ರಕ್ಕೆ ನೆಲದಲ್ಲಿ ತೇವವಿಲ್ಲವೆಂದು ಹೇಳಲಾಗದೆಂಬ ಎಚ್ಚರಿಕೆಯೂ ಇದರೊಡನೆ ಇರಬೇಕು.

ಮೇಲಿನ ವಾದ ಸಾಧುವಾದರೆ, ಜೀರ್ಣೋದ್ಧಾರದ ಕ್ರಮವೇ ಬದಲಾಗಬೇಕಾಗುತ್ತದೆ. ಕೆಳಗಿನಿಂದ ಬರುವ ತೇವಕ್ಕೆ ಎಪಾಕ್ಸಿಯಂಥ ಲೇಪವನ್ನು ಮೇಲೆ ಹೊದಿಸಿದರೆ, ಆರಿಹೋಗುತ್ತಿದ್ದ ನೀರು ಲೇಪದ ಅಡಿಯಲ್ಲಿ ಸಿಕ್ಕಿಬಿದ್ದು, ಲವಣ ಅಲ್ಲಿಯೇ ಹರಳುಗಟ್ಟಿ, ಲೇಪವನ್ನೂ ಅದರೊಡನೆ ಮೇಲಣ ಸಿಮೆಂಟಿನ ಪದರವನ್ನೂ ಎಬ್ಬಿಸುತ್ತದೆ. ಮೊದಲು ಕೊಳವೆ, ಸಂಪು, ಇಂಗುಗುಂಡಿಗಳ ದೋಷವನ್ನು ತಿದ್ದಿ, ಒಂದು ಬೇಸಗೆ ನೆಲವನ್ನು ಆರಲು ಬಿಟ್ಟು, ಏಳುವ ಉಪ್ಪನ್ನು ಒಣ ಬ್ರಷ್ಷಿನಿಂದ ತೆಗೆದು, ಆಮೇಲೆ ಸಂದುಗಳಿಗೆ ಸಿಮೆಂಟ್ ಹಾಲು ತುಂಬಿ ಹದವಾಗಿ ಉಜ್ಜುವುದೇ ಲೇಸು. ಬಚ್ಚಲು ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಎಂದಿಗೂ ಬಳಸಕೂಡದು. ಅದು ಸಿಮೆಂಟನ್ನಷ್ಟೇ ಅಲ್ಲ, ಸುಣ್ಣದ ಅಂಶವೇ ಆದ ಅಮೃತಶಿಲೆಯ ಚಿಪ್ಸನ್ನೂ ತಿನ್ನುತ್ತದೆ. ಹೊಸದಾಗಿ ಹಾಸುವವರು ಮಣ್ಣಿನ ಮೇಲೆ ಪುಡಿಯಿಲ್ಲದ ದಪ್ಪ ಜಲ್ಲಿಯ ಪದರವನ್ನೂ, ಅದರ ಮೇಲೆ ಮರಳು ಹರಡಿ ದಪ್ಪ ಪಾಲಿಥೀನ್ ಹಾಳೆಯನ್ನೂ ಗೋಡೆಯ ತೇವನಿರೋಧಕ ಪದರಕ್ಕೆ ಕೂಡುವಂತೆ ಹಾಕಿ, ಬಳಿಕ ಕಾಂಕ್ರೀಟು ಎರೆಯಬೇಕು. ಚೌಕಗಳನ್ನು ಬೇರ್ಪಡಿಸುವ ಪಟ್ಟಿಗೆ ಗಾಜು ಅಥವಾ ಹಿತ್ತಾಳೆ ಯೋಗ್ಯ. ಹಸಿ ಸಿಮೆಂಟಿನ ಕ್ಷಾರಕ್ಕೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ.

ಇಷ್ಟಾದರೂ ಕೆಲವು ಪ್ರಶ್ನೆಗಳು ತೀರಿಲ್ಲ. ಕೊಡಿಗೇಹಳ್ಳಿಯ ಒಂದೆರಡು ಮನೆಗಳಲ್ಲಿಯಾದರೂ ನೆಲದ ಉಷ್ಣತೆಯನ್ನು ವರ್ಷವಿಡೀ ಅಳೆದಲ್ಲದೆ ಇಬ್ಬನಿ ಬಿಂದುವಿನ ವಾದ ಪೂರ್ಣವಾಗದು. ಸಂದುಗಳ ಉಪ್ಪನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಅದರಲ್ಲಿ ನೈಟ್ರೇಟು ಹೆಚ್ಚಾಗಿದ್ದರೆ ಚರಂಡಿಯ ನೀರನ್ನೂ, ಸಲ್ಫೇಟು ಮಾತ್ರ ಇದ್ದರೆ ಸಿಮೆಂಟು ಅಥವಾ ಇಟ್ಟಿಗೆಯನ್ನೂ ಶಂಕಿಸಲು ಆಸ್ಪದವುಂಟು. ಆ ಕೆಲಸವನ್ನು ಪ್ರಯೋಗಶಾಲೆಯ ಅನುಕೂಲವುಳ್ಳವರು ಕೈಗೊಳ್ಳಬೇಕು. ಅಲ್ಲಿಯವರೆಗೆ ಹಳೆಯ ಮೊಸಾಯಿಕ್ ಇರುವ ಮನೆಯವರಲ್ಲಿ ಮಾಡತಕ್ಕ ವಿಜ್ಞಾಪನೆ ಇಷ್ಟೆ: ಪಾಲಿಶ್ ಮಿಷನ್ನನ್ನು ಕರೆಸುವುದಕ್ಕೆ ಮೊದಲು, ಮಳೆಗಾಲದ ಒಂದು ರಾತ್ರಿ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಅಂಟಿಸಿ ನೋಡಿ, ಅಡಿಯಲ್ಲಿ ನೀರು ಕಂಡರೆ ಲೇಪಕ್ಕೆ ಹಣ ಕೊಡಬೇಡಿ.